ಗೋಡೆಗೆ ಅಂಟಿಸಿದ ಪಾಸ್‌ವರ್ಡ್

ಅಣ್ಣನ ಹೊಲಿಗೆ ಅಂಗಡಿಯ ಒಳಕೋಣೆಯಲ್ಲಿ ತಂಗಿ ಗುಂಡಿ ಹೊಲಿಯುತ್ತಿದ್ದಳು. ಹೊಸ ಇಂಟರ್ನೆಟ್ ಹಾಕಲು ಬಂದವನು ಬಾಗಿಲಲ್ಲಿ ನಿಂತು ತನ್ನ ಫೋನನ್ನು ಅವಳ ಕಡೆ ತಿರುಗಿಸಿದ. ಅದರಲ್ಲಿ ಒಬ್ಬ ಹುಡುಗಿಯ ಬೆನ್ನು ಕಾಣುತ್ತಿತ್ತು. ತಂಗಿ ಸೂಜಿ ಎತ್ತಿದಳು. ಒಂದು ಕ್ಷಣ ಬಿಟ್ಟು ಫೋನಿನೊಳಗಿನ ಹುಡುಗಿಯೂ ಎತ್ತಿದಳು.

"ಬಟ್ಟೆ ಕಳುವಾಗಬಾರದು ಅಂತ ನಾನೇ ಹಾಕಿದ ಕ್ಯಾಮೆರಾ ಅದು," ಎಂದ ಅವನ ಹಿಂದೆಯೇ ಬಂದ ಅಣ್ಣ. "ಇನ್ನೊಂದು ಲೈನ್ ಮಾರೋಕೆ ಹೆದರಿಸಬೇಡಿ. ಮನೆಗೂ ಅಂಗಡಿಗೂ ಒಂದೇ ಸಾಕು."

"ಲೈನ್ ಆಮೇಲೆ ನೋಡೋಣ ಸ್ವಾಮಿ. ಕ್ಯಾಮೆರಾಗೂ ವೈಫೈಗೂ ಒಂದೇ ಪಾಸ್‌ವರ್ಡ್ ಇಟ್ಟು, ಅದನ್ನ ಗೋಡೆಗೆ ಅಂಟಿಸಿದೀರಲ್ಲ! ಬೀಗ ಹಾಕಿ ಕೀಲಿ ಬಾಗಿಲಿಗೇ ನೇತುಹಾಕಿದ ಹಾಗೆ."

"ಬಟ್ಟೆಗೆ ಕಾಯೋರಿಗೆ ಬೇಜಾರಾಗಬಾರದು ಅಂತ..." ಅಣ್ಣನ ದನಿ ಇಳಿಯಿತು.

ಅಳತೆ ಕೊಡುವ ಹೆಂಗಸರು ಬಟ್ಟೆ ಬದಲಿಸುತ್ತಿದ್ದುದು ಇದೇ ಕೋಣೆಯಲ್ಲಿ. ಕ್ಯಾಮೆರಾ ಅಂಗಡಿ ಮುಚ್ಚಿದ ಮೇಲಷ್ಟೇ ನಡೆಯುತ್ತದೆ ಎಂದು ಅಣ್ಣ ಹೇಳಿದ್ದನ್ನು ನಂಬಿ, "ಇಲ್ಲಿ ಯಾರೂ ನೋಡಲ್ಲ ಅಕ್ಕಾ, ನಿಧಾನಕ್ಕೆ ಬದಲಿಸಿ" ಎನ್ನುತ್ತಿದ್ದವಳು ಅವಳೇ.

"ಈಗ ಎರಡು ಫೋನ್ ಇದನ್ನ ನೋಡ್ತಿವೆ," ಎಂದ ಬಂದವನು. "ಒಂದು ನನ್ನದು."

ಅಣ್ಣ ತನ್ನ ಫೋನ್ ತೆಗೆದು ತೋರಿಸಿದ. ಅದು ಆಫ್ ಆಗಿತ್ತು.

ಹೊರಗಿನ ಬೆಂಚಿನ ಮೇಲೆ ನಾಲ್ವರು ಗಂಡಸರು ತಲೆ ತಗ್ಗಿಸಿ ಫೋನ್ ನೋಡುತ್ತ ಕುಳಿತಿದ್ದರು. ಗಂಡಸರ ಎದುರು ಎಂದೂ ಬಾಯಿ ಬಿಡದ ತಂಗಿ ಎದ್ದು ಅವರ ಮುಂದೆ ಬಂದು ನಿಂತಳು.

"ನಿಮ್ಮ ಫೋನ್‌ಗಳನ್ನ ಈ ಮೇಜಿನ ಮೇಲೆ ಇಡಿ," ಎಂದಳು.

ಯಾರೂ ತಲೆ ಎತ್ತಲಿಲ್ಲ.