ಗಾಜಿಲ್ಲದ ಕನ್ನಡಕ

ಗುರುಶಾಂತವ್ವ ಬೀಸಿದ ಸೌದೆ ಆ ಗಂಡಸಿನ ತಲೆಗೇ ಬಿತ್ತು. ಅವನು ಕುಸಿದ. ಅವಳು ಮತ್ತೆ ಕೈ ಎತ್ತುವಷ್ಟರಲ್ಲಿ ಇಬ್ಬರು ಓಡಿಬಂದು ರಟ್ಟೆ ಹಿಡಿದು ಹಿಂದಕ್ಕೆಳೆದರು.

"ಬಿಡ್ರಿ ನನ್ನ. ಆ ಹುಡುಗೀನ ಕೊಲ್ಲಾಕತ್ತಾನ ಅಂವ."

ಭೈರುಂಬೆಯ ಹತ್ತಿರ, ಶಾಲ್ಮಲೆಯ ದಂಡೆಯಲ್ಲಿ ಮದರಾಸಿನ ಸಿನಿಮಾದವರು ಡೇರೆ ಹಾಕಿದ್ದರು. ಬನವಾಸಿಯ ವಿಧವೆ ಗುರುಶಾಂತವ್ವನನ್ನು ಅವರ ಅಡುಗೆಗೆ ಕರೆತಂದವನು ಶಿರಸಿಯ ಮಧುಕೇಶ್ವರ. ಒಲೆ ಬಿಟ್ಟು ಅವಳು ಹೊಳೆಯ ಕಡೆ ಬಂದದ್ದು ಅಂದೇ ಮೊದಲು. ಬಂದರೆ, ಕನ್ನಡಕ ಹಾಕಿದ ಹುಡುಗಿಯ ಜಡೆ ಹಿಡಿದು ಒಬ್ಬ ಕಪಾಳಕ್ಕೆ ಬಾರಿಸುತ್ತಿದ್ದ. ಕನ್ನಡಕ ಹಾರಿ ಬಂಡೆಗೆ ಬಿತ್ತು. ತುಟಿಯಿಂದ ರಕ್ತ ಇಳಿಯಿತು. ಸುತ್ತ ನಿಂತ ಅಷ್ಟೂ ಜನರಲ್ಲಿ ಒಬ್ಬನೂ ಮಿಸುಕಲಿಲ್ಲ.

ಮಧುಕೇಶ್ವರ ಹಣೆ ಚಚ್ಚಿಕೊಂಡ. ಪೆಟ್ಟು ತಿಂದವನು ನಾಯಕ ನಟ, ಇದೆಲ್ಲ ಬರೀ ನಟನೆ ಎಂದು ಬಿಡಿಸಿ ಹೇಳಿದ. ಕಥೆಯಲ್ಲಿ ಆ ಹುಡುಗಿ ಕಾಲೇಜು ಕಲಿತ ಸೊಕ್ಕಿನವಳು. ಗಂಡ ಹೊಡೆದು ಕನ್ನಡಕ ಬೀಳಿಸುತ್ತಾನೆ. ಆಮೇಲೆ ಅವಳು ಕನ್ನಡಕ ಬಿಟ್ಟು, ಹೂ ಮುಡಿದು, ತಲೆ ತಗ್ಗಿಸಿ ಬಡಿಸುವ ಹೆಂಡತಿಯಾಗುತ್ತಾಳೆ. ಕೈ ಕೆನ್ನೆಗೆ ತಾಗುವುದೇ ಇಲ್ಲವಂತೆ. ರಕ್ತ ಬಣ್ಣದ ನೀರಂತೆ. ನಿರ್ದೇಶಕರು ಕನ್ನಡಕ ಎತ್ತಿ, ಅದರೊಳಗೆ ಬೆರಳು ತೂರಿಸಿ ತೋರಿಸಿದರು. ಗಾಜೇ ಇರಲಿಲ್ಲ. ಎಲ್ಲರೂ ನಕ್ಕರು.

"ಅವರಿಬ್ರೂ ಖರೇನ ಗಂಡ-ಹೆಂಡ್ತಿ, ಗುರುಶಾಂತವ್ವ," ಎಂದ ಮಧುಕೇಶ್ವರ. "ಕಟ್ಟಿಕೊಂಡ ಹೆಂಡ್ತೀನ ಯಾರರ ಹಂಗ ಹೊಡೀತಾರೇನು?"

ಅದೇ ಮಾತನ್ನು ಅವಳು ತನ್ನ ಮಗಳಿಗೆ ಹೇಳಿದ್ದಳು. ಗಂಡ ಹೊಡೆಯುತ್ತಾನೆಂದು ಅಳುತ್ತ ಬಂದಿದ್ದ ಕಲ್ಲವ್ವನನ್ನು, ಹೊಂದಿಕೊಂಡು ಹೋಗು ಎಂದು ಬಸ್ಸು ಹತ್ತಿಸಿದ್ದಳು. ಮುಂದಿನ ಅಮಾವಾಸ್ಯೆಯೊಳಗೆ ಹೆಣ ನೋಡಲು ಹೋಗಬೇಕಾಯಿತು. ಕಾಲು ಜಾರಿ ಬಾವಿಗೆ ಬಿದ್ದಳು ಎಂದರು. ಅಂದಿನಿಂದ ಹೊಟ್ಟೆಯೊಳಗಿದ್ದ ಕಿಚ್ಚನ್ನು ಇಂದು ಯಾವನೋ ನಿರಪರಾಧಿಯ ತಲೆಗೆ ಹಾಕಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಹೋಗಿ ನಟನ ಕಾಲು ಹಿಡಿದಳು. ಅವನು ದೊಡ್ಡ ಮನಸ್ಸು ಮಾಡಿ, ಪೊಲೀಸರೆಲ್ಲ ಬೇಡ ಎಂದ.

"ನೀವು ನಿಜ ಅಂತ ನಂಬಿದ್ರಲ್ಲಮ್ಮ, ನನಗೆ ಅಷ್ಟೇ ಸಾಕು."

ಗಾಯ ಕಾಣದಂತೆ ಕ್ರಾಪು ಇಳಿಬಿಟ್ಟು ಅವನು ಮತ್ತೆ ನಿಂತ. ನಿರ್ದೇಶಕರಿಗೆ ಒಪ್ಪಿಗೆಯಾದ ಮೇಲೂ, ಇನ್ನೊಮ್ಮೆ ತೆಗೆಯೋಣ ಎಂದವನು ಅವನೇ. ಗುರುಶಾಂತವ್ವನನ್ನು ಎದುರಿಗೇ ಕೂರಿಸಿದರು. ಪ್ರತಿ ಏಟಿಗೂ ಅವಳು ಸೆರಗು ಹಿಂಡುತ್ತ, ಇದು ಸುಳ್ಳು, ಇದು ಸುಳ್ಳು ಎಂದುಕೊಂಡಳು. ಹುಡುಗಿ ಬಂಡೆಯ ಮೇಲೆ ಮುಗ್ಗರಿಸಿ ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ಗುರುಶಾಂತವ್ವನೂ ತಟ್ಟಿದಳು.

ಊಟದ ಹೊತ್ತಿಗೆ ಹುಡುಗಿ ಬಾಯಿ ತೊಳೆಯಲು ಅಡುಗೆ ಡೇರೆಯ ಹಿಂದೆ ಬಂದಳು. ಗುರುಶಾಂತವ್ವ ತಂಬಿಗೆಯಿಂದ ನೀರು ಹಾಕಿದಳು.

"ತಪ್ಪಾತವ್ವ. ಖರೇನ ಹೊಡ್ಯಾಕತ್ತಾನ ಅಂತ ತಿಳಿದೆ."

ಹುಡುಗಿ ಅವಳನ್ನೇ ನೋಡಿದಳು. ಬಾಯಿ ಮುಕ್ಕಳಿಸಿ ಉಗುಳಿದಳು.

ಕೆಂಪು ನೀರಿನ ಜೊತೆ ಒಂದು ಹಲ್ಲು ಕಲ್ಲಿನ ಮೇಲೆ ಬಿತ್ತು.