ಓಡದ ಮೀನು

"ಅತ್ತೇ, ಬರಿಗೈಲಿ ಬಂದಿಲ್ಲ ನೋಡಿ, ಬಂಗಾರ ತಂದಿದೀನಿ!" ಎನ್ನುತ್ತ ಮಾನ್ಸೊಕ್ ಬಕೆಟ್ಟನ್ನು ಅಂಗಳದ ಮಧ್ಯೆ ತಂದಿಟ್ಟ. ಕಡಲ ನೀರಿನಲ್ಲಿ ಗೇಣುದ್ದದ ನೊರೆಮಿ ಮೀನೊಂದು ಗರಗರ ಸುತ್ತುತ್ತಿತ್ತು. ಸಾಮಾನ್ಯವಾಗಿ ಈ ಜಾತಿಯ ಮೀನು ಕಂದು ಬಣ್ಣದ್ದು, ಕಲ್ಲಿನ ಪಕ್ಕ ನಿಂತರೆ ಕಣ್ಣಿಗೇ ಬೀಳುವುದಿಲ್ಲ. ಇದು ಮಾತ್ರ ಅರಿಸಿನದಲ್ಲಿ ಅದ್ದಿ ತೆಗೆದ ಹಾಗಿತ್ತು.

ಸಾರಿಗೆ ಮೂಲಂಗಿ ಹೆಚ್ಚುತ್ತಿದ್ದ ಒಕ್‌ಬುನ್ ಅಜ್ಜಿ ತಲೆ ಎತ್ತಲಿಲ್ಲ. "ಓಹೋ, ಅಳಿಯಂದಿರು! ಈ ದ್ವೀಪಕ್ಕೆ ದಾರಿ ಇರೋದು ಈಗ ಗೊತ್ತಾಯ್ತಾ?"

ಅವಳ ಕುಟುಕು ಅವನಿಗೆ ಸಲ್ಲಬೇಕಾದದ್ದೇ. ಹೆಂಡತಿ ತೀರಿಕೊಂಡ ವರ್ಷ, ಇನ್ನೂ ಹಾಲುಹಲ್ಲು ಬೀಳದ ಮಗಳು ನಾರೆಯನ್ನು ಇದೇ ಅಂಗಳದಲ್ಲಿ ನಿಲ್ಲಿಸಿ, ಚಳಿ ಕಳೆದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆಂದು ಬುಸಾನ್‌ಗೆ ಹಡಗಿನ ಕೆಲಸಕ್ಕೆ ಹೋದವನು ಅವನು. ಆಮೇಲೆ ಎಷ್ಟೋ ಚಳಿಗಾಲ ಕಳೆದವು. ಈಗ, ಬರುವ ವಸಂತದಲ್ಲಿ ಮಗಳ ಮದುವೆಯೆಂದು ಯಾರದೋ ಬಾಯಿಂದ ಕೇಳಿ ಬಂದಿದ್ದ. ಮದುವೆಯ ದಿನ ಎಲ್ಲರ ಮುಂದೆ ಹೆಣ್ಣಿನ ತಂದೆಗೆಂದೇ ಒಂದು ಕುರ್ಚಿ ಹಾಕುತ್ತಾರೆ. ಅದರಲ್ಲಿ ನಾನು ಕೂರಬಹುದೇ ಎಂದು ಕೇಳಬೇಕಿತ್ತು. ಹಿಂದಿನ ದಿನ ಫೋನಿನಲ್ಲಿ ಮಗಳಿಗೆ, ಏನೋ ಕೇಳುವುದಿದೆ ಎಂದಷ್ಟೇ ಹೇಳಿದ್ದ. ತಂದೆಯಾದವನು ಅಂದು ತೊಡುವ ಬಿಳಿ ಕೈಗವಸನ್ನು ಆಗಲೇ ಕೊಂಡು ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದ, ಪುಣ್ಯಾತ್ಮ! ಬೆಳಿಗ್ಗೆ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಬರಿಗೈಲಿ ಕೇಳುವುದು ಹೇಗೆಂದು ಜಗಲಿಯಲ್ಲಿದ್ದ ಗಾಳ ಎತ್ತಿಕೊಂಡು ಕಡಲ ತಡೆಗೋಡೆಯ ಕಡೆ ಹೋಗಿದ್ದ.

ಕಡಲಲ್ಲಿ ಮುಳುಗಿ ಚಿಪ್ಪು ಆಯುವ ಕೆಲಸ ಮುಗಿಸಿ ನಾರೆ ಬಂದಳು. ಮೈಮೇಲೆ ಒದ್ದೆ ರಬ್ಬರ್ ಉಡುಪು, ಹಣೆಯ ಮೇಲೆ ಮುಳುಗುವಾಗ ಹಾಕುವ ಅಗಲ ಕನ್ನಡಕ. ಬಕೆಟ್ಟಿನೊಳಗೆ ಇಣುಕಿದವಳು ಹಾಗೇ ನಿಂತಳು.

"ಎಲ್ಲಿ ಸಿಕ್ತು ಇದು?"

ಆ ದಿನ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಮಾನ್ಸೊಕ್ ಹಿಗ್ಗಿಹೋದ. "ತಡೆಗೋಡೆ ತುದೀಲಿ, ದೀಪದ ಕಂಬದ ಕೆಳಗೆ, ಕಲ್ಲಿನ ಸಂದೀಲಿ. ಕೊಕ್ಕೆಗೆ ಹುಳಾನೂ ಸಿಕ್ಕಿಸಿರಲಿಲ್ಲ ಕಣಮ್ಮ! ಸುಮ್ನೆ ಇಳಿಬಿಟ್ಟೆ, ಎರಗಿ ಬಂದು ಕಚ್ತು. ನನ್ನ ನೆರಳು ಬಿದ್ರೂ ಓಡ್ಲಿಲ್ಲ. ಇಂಥಾ ಪೆದ್ದು ಮೀನನ್ನ ನಾನು ಜನ್ಮದಲ್ಲೇ ನೋಡಿಲ್ಲ!"

ಅವನೊಬ್ಬನೇ ನಕ್ಕ. ಅಜ್ಜಿಯ ಚಾಕು ನಿಂತಿತು. "ಅಯ್ಯೋ ನಿನ್ನ! ಕಾವಲಪ್ಪನ್ನೇ ಹಿಡ್ಕೊಂಡು ಬಂದ್ಯಲ್ಲೋ!"

"ಯಾವ ಕಾವಲಪ್ಪ?"

"ನಾವು ಮುಳುಗೋ ಹೆಂಗಸರು ಇಟ್ಟ ಹೆಸರು," ಎಂದಳು ನಾರೆ. "ಇದರಲ್ಲಿ ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗುತ್ತೆ. ಮರಿ ಆಗೋವರೆಗೂ ಕಾಯೋದು ಗಂಡು. ಮೈ ಹಳದಿ ಆಗೋದೂ ಆವಾಗ್ಲೇ. ಹತ್ರ ಏನು ಬಂದ್ರೂ ಮೇಲೆ ಬೀಳುತ್ತೆ, ನನ್ನ ಕನ್ನಡಕಕ್ಕೇ ಎಷ್ಟು ಸಲ ಗುದ್ದಿದೆ. ಹಸಿದು ಕಚ್ಚಿದ್ದಲ್ಲ ಅದು. ಹಿಂದೆ ಮೊಟ್ಟೆ ಇಟ್ಕೊಂಡು ಎಲ್ಲಿಗೆ ಅಂತ ಓಡುತ್ತೆ?"

ಮಾನ್ಸೊಕ್‌ನ ಮುಖದ ಮೇಲೆ ನಗು ಇನ್ನೂ ಉಳಿದಿತ್ತು. ಅದನ್ನು ಏನು ಮಾಡಬೇಕೋ ತಿಳಿಯಲಿಲ್ಲ. "ಇದನ್ನ ಹಿಡೀಬಾರದು ಅನ್ನೋ ಗಡುವು ಹೋದ ತಿಂಗಳೇ ಮುಗೀತಂತೆ... ಬಂದರಲ್ಲಿ ಬೋರ್ಡು ಇತ್ತು," ಎಂದು ತೊದಲಿದ. ಆ ಮಾತು ಬಾಯಿಂದ ಹೊರಬೀಳುತ್ತಲೇ ಅವನಿಗೇ ಹೇಸಿಗೆಯಾಯಿತು.

"ಹಿಡಿದು ಎಷ್ಟು ಹೊತ್ತಾಯ್ತು?"

"ಈಗಷ್ಟೇ... ಇಲ್ಲ, ದಾರೀಲಿ ಸಿಕ್ಕೋರಿಗೆಲ್ಲ ತೋರಿಸ್ತಾ ಬಂದೆ. ಒಂದು ಗಂಟೆ ಆಗಿರಬಹುದು."

ನಾರೆ ಬಕೆಟ್ ಎತ್ತಿಕೊಂಡು ಓಡಿದಳು. ಏದುಸಿರು ಬಿಡುತ್ತ ಅವನೂ ಹಿಂದೆ ಓಡಿದ. ತಡೆಗೋಡೆಯ ತುದಿಯಲ್ಲಿ ಅವಳು ಕಲ್ಲಿನ ಮೇಲೆ ಬೋರಲು ಮಲಗಿ ಬಕೆಟ್ಟನ್ನು ಮೆಲ್ಲಗೆ ಬಗ್ಗಿಸಿದಳು. ಮೀನು ಮಗ್ಗುಲಾಗಿ ತೇಲಿತು, ಆಮೇಲೆ ಸಾವರಿಸಿಕೊಂಡು ಕೆಳಗಿಳಿಯಿತು. ಅವಳು ಹಣೆಯ ಕನ್ನಡಕ ಬಿಚ್ಚಿ ಅಪ್ಪನ ಕೈಗೆ ಕೊಟ್ಟಳು. "ನೋಡಿ."

ಅವನು ಅದನ್ನು ಹಾಕಿಕೊಂಡು ಮಂಡಿಯೂರಿ ಮಂಜುಗಡ್ಡೆಯಂಥ ನೀರಿನಲ್ಲಿ ಮುಖವಿಟ್ಟ. ಮೊಟ್ಟೆಗಳ ಗೊಂಚಲು ಕಲ್ಲಿಗೆ ಅಂಟಿಕೊಂಡಿತ್ತು. ಒಂದು ಬದಿ ಆಗಲೇ ಬೋಳಾಗಿತ್ತು; ಉಳಿದದ್ದಕ್ಕೆ ಪುಡಿಮೀನುಗಳು ಮುತ್ತಿಕೊಂಡಿದ್ದವು. ಹಳದಿ ಮೀನು ಅವುಗಳ ನಡುವೆ ನುಗ್ಗಿತು. ಕೊಕ್ಕೆ ಸಿಕ್ಕಿದ್ದ ತುಟಿ ಹರಿದು ಜೋಲುತ್ತಿತ್ತು. ಅದೇ ಬಾಯಲ್ಲಿ ಗುದ್ದಿ ಗುದ್ದಿ ಎಲ್ಲವನ್ನೂ ಓಡಿಸಿ, ಉಳಿದ ಮೊಟ್ಟೆಗಳ ಮೇಲೆ ನಿಂತು ರೆಕ್ಕೆ ಬೀಸತೊಡಗಿತು. ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡು ಬಂದಿದ್ದ ಕಾರಣಗಳಲ್ಲಿ ಒಂದೂ ಮಾನ್ಸೊಕ್‌ಗೆ ಆಗ ನೆನಪಾಗಲಿಲ್ಲ. ಮಗಳ ಕಣ್ಣು ತಪ್ಪಿಸಲು ನೀರಿನೊಳಗೇ ಇದ್ದುಬಿಡೋಣವೆನಿಸಿತು. ಉಸಿರು ಕಟ್ಟಿದ್ದರಿಂದ ಎದ್ದ.

ಮುಖ ಒರೆಸಲು ಕರವಸ್ತ್ರವೆಂದು ಜೇಬಿನಿಂದ ಎಳೆದರೆ ಬಂದದ್ದು ಬಿಳಿ ಕೈಗವಸು. ನಾರೆ ಅದನ್ನು ನೋಡಿದಳು. ಅವನು ಮುದುರಿ ಮತ್ತೆ ಜೇಬಿಗೆ ತುರುಕಿದ.

"ಏನೋ ಕೇಳೋದಿದೆ ಅಂತ ನಿನ್ನೆ ಫೋನಲ್ಲಿ ಅಂದ್ರಲ್ಲ?"

"ಏನಿಲ್ಲಮ್ಮ. ಏನೂ ಇಲ್ಲ." ಅವನು ಬಂದರಿನ ಕಡೆ ತಿರುಗಿದ. "ವಾಪಸ್ ದೋಣಿ ಎಷ್ಟು ಹೊತ್ತಿಗೆ?"

"ನಾಲ್ಕಕ್ಕೆ." ಅವಳು ಖಾಲಿ ಬಕೆಟ್ ಹಿಡಿದು ಮನೆಯತ್ತ ನಡೆದವಳು, ನಿಂತು ಹಿಂದಿರುಗಿ ನೋಡಿದಳು. "ತುಟಿ ಹರಿದ ಮೇಲೂ ಅದು ಮೊಟ್ಟೆ ಹತ್ರಾನೇ ಹೋಯ್ತು. ನೋಡಿದ್ರಲ್ಲ?"