ಕೆಂಪು ಸಾಲು, ಹಸಿರು ಸಾಲು

"ಅಕ್ಕಾ, ಹಳೇ ಕೋಡ್ ಎಡಗಡೆ, ಹೊಸದು ಬಲಗಡೆ. ಏನೇನ್ ಬದ್ಲಾಯ್ತು ಅಂತ ವೆಬ್‌ಸೈಟಲ್ಲಿ ಹಿಂಗೇ ತೋರ್ಸೋಣ್ವಾ?" ಎಂದು ಅಂಜನ್ ಕೇಳಿದ. ಅವನ ಜೊತೆ ಕನ್ನಡ ಕೀಬೋರ್ಡ್ ತಂತ್ರಾಂಶ ಬರೆದಿದ್ದ ವನಜಾಕ್ಷಿ, ಶೆಟ್ಟಿಹಳ್ಳಿಯ ಮನೆಯಲ್ಲಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಸಕ್ಕರೆ ಕಾಯಿಲೆ ಅವಳ ಕಣ್ಣುಗಳನ್ನು ತಿನ್ನುತ್ತಿತ್ತು.

"ಬ್ಯಾಡ ಕಣೋ. ಒಂದರ ಕೆಳಗೊಂದು ಹಾಕು."

ಹಾಕಿದ. ತೆಗೆದ ಸಾಲು ಕೆಂಪು, ಸೇರಿಸಿದ್ದು ಹಸಿರು. ಅಕ್ಷರಗಳನ್ನೂ ಆದಷ್ಟು ದೊಡ್ಡದಾಗಿಸಿದ. ಅವಳು ಪರದೆಯ ಮೇಲೆ ಬೆರಳಿಟ್ಟು, "ಈಗ ಚೆನ್ನಾಗದೆ. ಈ ಕೆಂಪು ಸಾಲು ನಾನೇ ಬರ್ದಿದ್ದಲ್ವಾ?" ಎಂದಳು.

ಬೆರಳಿದ್ದ ಕಡೆ ಏನೂ ಇರಲಿಲ್ಲ. ಅಂಜನ್ ಸ್ವಲ್ಪ ತಡೆದು, "ಹೂಂ ಅಕ್ಕಾ" ಎಂದ.

ಅವನು ತಡೆದದ್ದು ಅವಳ ಗಮನಕ್ಕೆ ಬಂತು; ಮೆಲ್ಲಗೆ ಬೆರಳು ಹಿಂತೆಗೆದಳು. "ಹೆಂಗಾದ್ರೂ ಹಾಕ್ಕೋ ಬುಡು. ಇನ್ಮೇಲೆ ನೋಡೋನು ನೀನೊಬ್ನೇ."